ಹಸಿರು ಅವಲಕ್ಕಿ

ಅಕ್ಟೋಬರ್ ೯, ಬುಧವಾರ

ಬೆಳಿಗ್ಗೆ ಹೊಳೆಗೆ ಇಳಿಯುವ ಮೆಟ್ಟಿಲು ಏಳು ಕಾಣುತ್ತಿದ್ದವು. ಈಗ ಮಧ್ಯಾಹ್ನ ಎರಡು ಗಂಟೆಗೆ ಐದು. ನಾನೇ ಹೋಗಿ ಎಣಿಸಿ ಬಂದೆ. ಈ ಮನೆಯಲ್ಲಿ ಬೇರೆ ಯಾರನ್ನು ಕಳಿಸಿದರೂ ಬಂದು "ಸುಮಾರು ಐದಾರು" ಎನ್ನುತ್ತಾರೆ. ಸುಮಾರು ಎನ್ನುವುದು ಎಣಿಕೆಯಲ್ಲ, ಸೋಮಾರಿತನ.

ಹಾಗೇ ಗದ್ದೆಗೂ ಹೋದೆ. ನಾಲ್ಕು ಎಕರೆಯಲ್ಲೂ ತೆನೆ ತೂಗಿ ನಿಂತಿದೆ. ಇಷ್ಟು ತುಂಬಿದ ತೆನೆಯನ್ನು ನಾನು ಈಚೆಗೆ ಕಂಡಿಲ್ಲ. ಒಂದು ಕಾಳು ಕಚ್ಚಿ ನೋಡಿದೆ. ಹಾಲು ಗಟ್ಟಿಯಾಗಿದೆ, ಹಸಿರು ಬಿಟ್ಟಿಲ್ಲ. ಇನ್ನು ಹನ್ನೆರಡು ದಿನ ಬೇಕು.

ಊಟಕ್ಕೆ ಕೂತಾಗ ಇವರು ಶುರು ಮಾಡಿದರು. "ಮೇಲೆ ಅಣೆಕಟ್ಟಿನ ಬಾಗಿಲು ತೆಗೀತಾರಂತೆ. ಈಗಲೇ ಕೊಯ್ದುಬಿಡೋಣ ಕಣೇ."

"ಹಸಿ ಭತ್ತ ಕೊಯ್ದು ಏನು ಮಾಡ್ತೀರಿ? ಉಪ್ಪಿನಕಾಯಿ ಹಾಕ್ತೀರಾ?"

ಮಗ ತಟ್ಟೆಯೊಳಗೇ ನಕ್ಕ. ಸೊಸೆ ಶಾಲೆಯ ಟೀಚರು, ನಗುವುದನ್ನೂ ಅಳತೆ ಮಾಡಿ ನಗುವವಳು. ಅವಳು ಹೇಳಿದಳು, "ಅತ್ತೆ, ಶಾಲೆ ಖಾಲಿ ಮಾಡಿಸಿದ್ದಾರೆ. ತಗ್ಗಿನ ಬೀದಿಯವರನ್ನೆಲ್ಲ ಅಲ್ಲಿ ಇಳಿಸ್ತಾರಂತೆ."

"ಇಳಿಸಲಿ. ಶಾಲೆಗೂ ನನ್ನ ಗದ್ದೆಗೂ ಏನು ಸಂಬಂಧ?"

ನಾನು ಈ ಮನೆಗೆ ಬಂದು ಮೂವತ್ತೆಂಟು ವರ್ಷ. ಹಣ್ಣಾಗದ ಭತ್ತಕ್ಕೆ ಕುಡುಗೋಲು ಹಾಕಿಲ್ಲ. ಅಂಗಡಿಯಿಂದ ಒಂದು ಸೇರು ಅಕ್ಕಿ ತಂದಿಲ್ಲ. ಇದು ಜಂಭವಲ್ಲ, ಇದ್ದ ಮಾತು. ಕಾಯುವುದೆಂದು ತೀರ್ಮಾನವಾಗಿದೆ.

ಅಕ್ಟೋಬರ್ ೧೧, ಶುಕ್ರವಾರ

ಕೊಯ್ಯುತ್ತಿದ್ದೇವೆ! ಕಾಯೋಣ ಎಂದವರು ಯಾರು ಎಂಬ ವಿಷಯ ಈಗ ಬೇಡ.

ಬೆಳಗಾಗುವಾಗ ಗದ್ದೆಯಲ್ಲಿ ಪಾದ ಮುಳುಗುವಷ್ಟು ನೀರು. ಒಂಬತ್ತಕ್ಕೆ ಮೊಣಕಾಲು. ಹತ್ತು ಗಂಟೆಗೆ ನಾನು ಅಂಗಳದಲ್ಲಿ ನಿಂತು, "ಕುಡುಗೋಲು ತೆಗೀರಿ" ಎಂದೆ. ಇವರು ಬಾಯಿ ಬಿಟ್ಟು ಏನೋ ಹೇಳಹೊರಟವರು ನನ್ನ ಮುಖ ನೋಡಿ ಕುಡುಗೋಲು ಹುಡುಕಲು ಹೋದರು. ಬುದ್ಧಿವಂತರು.

ಬುಡದವರೆಗೆ ಕೊಯ್ಯಲು ಸಾಧ್ಯವಿಲ್ಲ, ಬುಡ ನೀರೊಳಗಿದೆ. ತೆನೆ ಮಾತ್ರ, ಒಂದು ಮೊಳ ಕಡ್ಡಿ ಸಮೇತ. ತುಂಬುವುದು ಯಾವುದರಲ್ಲಿ? ಬುಟ್ಟಿ ಮುಳುಗುತ್ತದೆ. ಆಗ ನನಗೆ ಹೊಳೆಯಿತು. ಮನೆಯ ದೊಡ್ಡ ದೊಡ್ಡ ಅಲ್ಯೂಮಿನಿಯಂ ಪಾತ್ರೆಗಳನ್ನೆಲ್ಲ ಇಳಿಸಿದೆ. ಕಂಠಕ್ಕೆ ಹಗ್ಗ, ಹಗ್ಗದ ತುದಿ ಸೊಂಟಕ್ಕೆ. ಮುಂದೆ ಮುಂದೆ ನಾವು, ಆಳುಗಳು, ಹಿಂದೆ ಹಿಂದೆ ತೇಲುವ ಪಾತ್ರೆ, ಕರು ಬಂದ ಹಾಗೆ. ತುಂಬಿದ ಕೂಡಲೇ ಊರ ದೋಣಿಯವನು ಬಂದು ಬಗ್ಗಿಸಿಕೊಂಡು ಹೋಗುತ್ತಾನೆ.

ನಾನೂ ಇಳಿದೆ. ಮಗ ಬೇಡವೆಂದ. "ಅಮ್ಮ, ನಿಮಗೆ ಅರವತ್ತೆರಡು."

"ನೀರಿಗೆ ಹುಟ್ಟಿದ ತಾರೀಕು ಬೇಕಾ? ಹಗ್ಗ ಕಟ್ಟು."

ಸೊಂಟದವರೆಗೆ ತಣ್ಣನೆ ನೀರು, ಮೇಲೆ ಮಳೆ. ಕೈಗೆ ಸಿಕ್ಕಿದ ತೆನೆ ಕರಕ್ಕೆಂದು ಬರುವಾಗ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಇಪ್ಪತ್ತು ವರ್ಷದಿಂದ ದಂಡೆಯಲ್ಲಿ ನಿಂತು ಬೈಯುವ ಕೆಲಸ ಮಾತ್ರ ಮಾಡುತ್ತಿದ್ದೆ. ಕೊಯ್ಯುವ ಕೈ ಮರೆತಿಲ್ಲ. ಸೊಸೆಗಿಂತ ಎರಡು ಪಾತ್ರೆ ಹೆಚ್ಚು ತುಂಬಿದೆ. ಅವಳೂ ಎಣಿಸುತ್ತಿದ್ದಳು, ನಾನು ನೋಡಿದೆ.

ನಾಳೆ ಉಳಿದದ್ದು.

ಅಕ್ಟೋಬರ್ ೧೨, ಶನಿವಾರ

ಮುಗಿಯಿತು. ನಾಲ್ಕು ಎಕರೆಯಲ್ಲಿ ಮೂರೂವರೆ ಬಂದಿದೆ. ಕೊನೆಯ ಅರ್ಧ ಎಕರೆ ನಮ್ಮ ಕಣ್ಣೆದುರಿಗೇ ಮುಳುಗಿತು, ತೆನೆಗಳು ಒಮ್ಮೆ ತಲೆಯಾಡಿಸಿ ಒಳಗೆ ಹೋದವು.

ರಸ್ತೆ ಎತ್ತರದಲ್ಲಿರುವುದರಿಂದ ನಮ್ಮ ಬೀದಿಗೆ ನೀರು ಬಂದಿಲ್ಲ. ನಡುಮನೆಯ ಮಂಚ, ಕುರ್ಚಿ ಎಲ್ಲ ಅಟ್ಟಕ್ಕೆ ಹಾಕಿ ತೆನೆ ಒಟ್ಟಿದ್ದೇವೆ. ತುಳಿದು ಕಾಳು ಬಿಡಿಸಿದೆವು. ರಾಶಿ ನನ್ನ ಎದೆಮಟ್ಟಕ್ಕಿದೆ. ಮಳೆಯ ತಂಡಿ ತಾಗಬಾರದೆಂದು ತಾಡಪಾಲು ಹೊದಿಸಿ, ಮೇಲೆ ಕಂಬಳಿ ಹಾಕಿ, ಕಿಟಕಿ ಬಾಗಿಲು ಭದ್ರ ಮಾಡಿಸಿದೆ.

ಅಷ್ಟರಲ್ಲಿ ಎದುರು ಮನೆಯವಳು ಜಗಲಿಯಿಂದ ಕೂಗಿದಳು. ಅವಳು ಲೆಕ್ಕಕ್ಕೆ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಮನೆ ಪಾಲಾದಾಗ ಗಂಡ ಹೆಂಡತಿ ತಮ್ಮ ಪಾಲಿನ ಗದ್ದೆ ಮಾರಿ ಹಿತ್ತಿಲಲ್ಲಿ ಕಾದ ಮರಳಲ್ಲಿ ಭತ್ತ ಹುರಿಯುವ ಅವಲಕ್ಕಿ ಭಟ್ಟಿ ಹಾಕಿದರು. ಭತ್ತ ಬೆಳೆಯುವ ಮನೆತನದವರು ಬೀದಿಯಲ್ಲಿ ಕೂತು ಅವಲಕ್ಕಿ ತೂಗುವುದೇ! ಅವತ್ತೇ ಹೇಳಿದ್ದೆ, ನನ್ನ ಗದ್ದೆಯ ಒಂದು ಕಾಳೂ ನಿನ್ನ ಭಟ್ಟಿಯ ಮರಳು ಮುಟ್ಟುವುದಿಲ್ಲ ಎಂದು. ಹನ್ನೊಂದು ವರ್ಷವಾಯಿತು, ಮಾತಿಲ್ಲ. ಮೂರು ವರ್ಷದ ಕೆಳಗೆ ಮೈದುನ ತೀರಿಕೊಂಡಾಗಲೂ ಹೋಗಿ ನಿಂತು ಬಂದೆ, ಅಷ್ಟೆ. ಏನಾದರೂ ಹೇಳಲೇಬೇಕಾದರೆ ಇಬ್ಬರೂ ಇವರ ಮೂಲಕ ಹೇಳುತ್ತೇವೆ. ಬೀದಿ ಹತ್ತು ಹೆಜ್ಜೆ ಅಗಲ. ಕಿವಿಗೆ ಕೇಳಿದ್ದನ್ನೇ ಮತ್ತೊಮ್ಮೆ ಇವರ ಬಾಯಿಂದ ಕೇಳಬೇಕು.

"ಭಾವ, ಹಸಿ ಭತ್ತಾನ ಹಾಗೆ ಮುಚ್ಚಬೇಡಿ ಅಂತ ಹೇಳಿ. ಒಳಗೇ ಕಾವು ಹತ್ತುತ್ತೆ. ತೆಳ್ಳಗೆ ಹರವೋಕೆ ಹೇಳಿ."

"ಹರವಬೇಕಂತೆ ಕಣೇ" ಎಂದರು ಇವರು.

"ಭತ್ತ ಇಡೋದನ್ನ ಅವಳಿಂದ ಕಲಿಯೋಷ್ಟು ಗತಿ ಕೆಟ್ಟಿಲ್ಲ ಅನ್ನಿ."

"ಅಷ್ಟು ಗತಿ..." ಎಂದು ಇವರು ಬೀದಿಯ ಕಡೆ ತಿರುಗುವಷ್ಟರಲ್ಲಿ ಅವಳ ಬಾಗಿಲು ಹಾಕಿತ್ತು.

ರಸ್ತೆ ಎರಡು ಕಡೆ ಕಡಿದುಹೋಗಿದೆ. ಕರೆಂಟಿಲ್ಲ. ಅಲ್ಲಿ ಇಳಿಸಿದವರನ್ನು ನೋಡಿಕೊಳ್ಳಲು ದಿನವೂ ಹೋಗುವ ಸೊಸೆ ಹೇಳುವಂತೆ ಶಾಲೆಯಲ್ಲಿ ಇನ್ನೂರ ಅರವತ್ತು ಜನ, ಮೂರು ದಿನಕ್ಕಾಗುವ ಅಕ್ಕಿ. ಒಣಗಿದ ಸೌದೆ ಅದಕ್ಕೂ ಸಾಲದು. ರಸ್ತೆ ಸರಿಮಾಡಿಸಿ ಸರ್ಕಾರ ಅಕ್ಕಿ ಕಳಿಸುತ್ತದೆಯಂತೆ. ಲಾರಿ ನಾಳೆ ಬರುತ್ತದಂತೆ.

ಅಕ್ಟೋಬರ್ ೧೩, ಭಾನುವಾರ

ರಾಶಿ ಬಿಸಿಯಾಗಿದೆ.

ಮೊಣಕೈವರೆಗೆ ಕೈ ತೂರಿಸಿದೆ. ಜ್ವರ ಬಂದ ಮಗುವಿನ ಹೊಟ್ಟೆಯ ಹಾಗೆ ಸುಡುತ್ತಿದೆ. ಅಡಿಯಿಂದ ಒಂದು ಹಿಡಿ ತೆಗೆದೆ. ಕಾಳಿನ ತುದಿಯಲ್ಲಿ ಬಿಳಿ ಮೊಳಕೆ.

ತಾಡಪಾಲು ತೆಗೆಸಿದೆ. ಕಿಟಕಿ ತೆಗೆಸಿದೆ. ಹರವಲು ಜಾಗವೆಲ್ಲಿ? ಅಡುಗೆಮನೆ, ಮಲಗುವ ಕೋಣೆ, ಜಗಲಿ, ಎಲ್ಲ ಕಡೆ ಹರವಿದರೂ ಅರ್ಧ ರಾಶಿ ಹಾಗೇ ಇದೆ. ಹೊರಗೆ ಮಳೆ ನಿಂತಿಲ್ಲ.

ಸೊಸೆ ಮೆಲ್ಲಗೆ ಬಂದು, "ಅತ್ತೆ, ಚಿಕ್ಕತ್ತೆಯ ಭಟ್ಟಿ..." ಎಂದಳು.

"ಶಾಲೆಗೆ ಹೊತ್ತಾಗಲಿಲ್ಲವಾ ನಿನಗೆ?"

ಲಾರಿ ಬರಲಿಲ್ಲ.

ಅಕ್ಟೋಬರ್ ೧೪, ಸೋಮವಾರ

ಇವತ್ತು ನಡೆದದ್ದನ್ನು ನಡೆದ ಹಾಗೆ ಬರೆಯಬೇಕು.

ಬೆಳಿಗ್ಗೆ ಏಳು ಗಂಟೆಗೆ ಭಟ್ಟಿಯವಳು ಬಂದಳು. ಬಾಗಿಲಲ್ಲಿ ನಿಂತು ಕರೆಯಲಿಲ್ಲ, ಕೆಮ್ಮಲಿಲ್ಲ. ಸೀದಾ ಹೊಸಿಲು ದಾಟಿ ರಾಶಿಯ ಹತ್ತಿರ ಹೋಗಿ, ಭುಜದವರೆಗೆ ಕೈ ತೂರಿಸಿ, ಕಣ್ಣು ಮುಚ್ಚಿ ನಿಂತಳು, ನಾಡಿ ನೋಡುವವರ ಹಾಗೆ. ಆಮೇಲೆ ನನ್ನ ಕಡೆ ತಿರುಗಿದಳು.

"ಅಕ್ಕ, ಇವತ್ತು ಹುರಿಯೋಕೆ ಶುರು ಮಾಡಿದ್ರೆ ಭತ್ತ. ನಾಳೆ ಅಂದ್ರೆ ಗೊಬ್ಬರ."

ನಾನು ಇವರ ಮುಖ ನೋಡಿದೆ. ಅಭ್ಯಾಸ. ಇವರು ಪಾಪ, ಗಂಟಲು ಸರಿಮಾಡಿಕೊಂಡು, "ಅವಳು ಏನು ಹೇಳ್ತಾಳೆ ಅಂದ್ರೆ..." ಎಂದು ಶುರು ಮಾಡಿದರು.

"ಕೇಳಿಸ್ತು!" ಎಂದೆವು ಇಬ್ಬರೂ ಒಟ್ಟಿಗೆ.

ಇವರು ಅಂಗಳಕ್ಕೆ ಹೋಗಿ ನಿಂತರು. ನಗುತ್ತಿದ್ದರೋ ಏನೋ, ಬೆನ್ನು ಅಲುಗುತ್ತಿತ್ತು.

"ಇದು ಹಣ್ಣಾಗದ ಭತ್ತ. ಇದರಲ್ಲಿ ಅವಲಕ್ಕಿ ಆಗುತ್ತಾ?" ಎಂದು ಕೇಳಿದೆ. ಹನ್ನೊಂದು ವರ್ಷದ ಮೇಲೆ ಅವಳಿಗೆ ಹೇಳಿದ ಮೊದಲ ಮಾತು ಇದು. ಬೇರೆ ಏನಾದರೂ ಹೇಳಬೇಕಿತ್ತೇ ಎಂದು ಈಗ ಅನ್ನಿಸುತ್ತಿದೆ. ಆದರೆ ಭತ್ತ ಕಾಯುವುದಿಲ್ಲ.

"ಅವಲಕ್ಕಿಗೆ ಭತ್ತಾನ ನೆನೆಸಲೇಬೇಕು ಅಕ್ಕ. ಇದನ್ನ ದೇವರೇ ನೆನೆಸಿ ಕೊಟ್ಟಿದ್ದಾನೆ. ಎಳೇದಾದ್ರೆ ಇನ್ನೂ ಮೆತ್ತಗೆ ಬರುತ್ತೆ. ಶಾಲೆಯವರಿಗೆ ಬೇಯಿಸೋ ಕಷ್ಟನೂ ಇಲ್ಲ, ಹಾಗೇ ತಿನ್ನಬಹುದು. ಉರಿಗೆ ನನ್ನ ಹತ್ರ ಒಂದು ಕೋಣೆ ಹೊಟ್ಟು ಒಣಗಿದ್ದಿದೆ. ಒಂದೇ ತೊಂದರೆ. ಒತ್ತೋ ಮಿಷನ್ನು ಕರೆಂಟಿಂದು."

ನಾನು ಮಗನನ್ನು ಕರೆದು, ಅಟ್ಟದ ಮೂಲೆಯಲ್ಲಿರುವ ನನ್ನ ಅತ್ತೆಯ ಕಾಲದ ಒನಕೆಗಳನ್ನು ಇಳಿಸಲು ಹೇಳಿದೆ. ಆರು ಇವೆ. ಒರಳು ಹಿತ್ತಿಲಲ್ಲಿ ಮೂರು, ದನಕ್ಕೆ ನೀರಿಡುತ್ತಿದ್ದೆವು.

"ಕುಟ್ಟೋದು ಗೊತ್ತಾ ನಿನಗೆ?" ಎಂದೆ ಅವಳಿಗೆ.

"ಸ್ವಿಚ್ಚು ಹಾಕೋದು ಗೊತ್ತು."

"ಹಾಗಾದ್ರೆ ಉರಿ ನೀನು ನೋಡು. ಕುಟ್ಟೋದು ನನಗೆ ಬಿಡು."

ಸೊಸೆ ಶಾಲೆಗೆ ಓಡಿ ಹೋಗಿ ಹದಿನೆಂಟು ಹೆಂಗಸರನ್ನು ಕರೆದುಕೊಂಡು ಬಂದಳು. ಭತ್ತವನ್ನು ಬಾವಿ ನೀರಲ್ಲಿ ಎರಡು ಸಲ ತೊಳೆದು, ಬಸಿದು, ಭಟ್ಟಿಗೆ ಹೊತ್ತೆವು. ಬೀದಿಯ ಹತ್ತು ಹೆಜ್ಜೆಯನ್ನು ಇವತ್ತು ಎಷ್ಟು ಸಲ ದಾಟಿದೆನೋ. ಸುಮಾರು ನೂರು.

ಆ ಭಟ್ಟಿಯನ್ನು ನಾನು ಒಳಹೊಕ್ಕು ನೋಡಿದ್ದು ಇದೇ ಮೊದಲು. ತಗಡಿನ ಮಾಡು, ಕಪ್ಪಾದ ಗೋಡೆ, ನಡುವೆ ಎತ್ತರದ ಒಲೆಯ ಮೇಲೆ ಇಬ್ಬರು ಕೂರಬಹುದಾದಷ್ಟು ದೊಡ್ಡ ಬಾಣಲೆ. ಅದರ ತುಂಬ ಮರಳು. ಎಲ್ಲವೂ ಓರಣವಾಗಿತ್ತು, ಜರಡಿಗಳು ಗೋಡೆಯ ಮೇಲೆ ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿದ್ದವು. ಅದನ್ನು ನೋಡಿ ನನಗೆ ಸ್ವಲ್ಪ ಕಸಿವಿಸಿಯಾಯಿತು. ಕೊಳಕಾಗಿರುತ್ತದೆ ಎಂದುಕೊಂಡಿದ್ದೆ.

ಕಾದ ಮರಳಿಗೆ ಭತ್ತ ಬಿದ್ದಾಗ ಎಂಥ ಸದ್ದು! ಮಳೆಯ ಸದ್ದೇ ಕೇಳಿಸಲಿಲ್ಲ. ಅವಳು ಉದ್ದ ಹಿಡಿಯ ಸೌಟಿನಿಂದ ನಾಲ್ಕು ಸಲ ತಿರುವಿ, ಐದನೆಯದಕ್ಕೆ ಜರಡಿಗೆ ಎತ್ತಿ, ಮರಳು ಉದುರಿಸಿ, "ಹಿಡೀರಿ!" ಎಂದು ನಮ್ಮ ಒರಳಿಗೆ ಸುರಿದಳು. ಬಿಸಿ ಆರುವುದರೊಳಗೆ ಕುಟ್ಟಬೇಕು. ಶಾಲೆಯ ಹೆಂಗಸರು ಕೋಪದಿಂದ ಕುಟ್ಟಿದರು, ಮನೆ ಕಳೆದುಕೊಂಡವರು. ಕಾಳು ನುಚ್ಚಾಯಿತು. ನಾನು ಒಬ್ಬಳ ಕೈಯಿಂದ ಒನಕೆ ತೆಗೆದುಕೊಂಡೆ. "ಬೀಳಿಸಬೇಡ, ಇಳಿಸು. ಒನಕೆಯ ಭಾರವೇ ಕೆಲಸ ಮಾಡುತ್ತೆ. ನಿನ್ನ ಗಂಡನ ತಲೆ ಅಂದುಕೊಂಡು ಕುಟ್ಟಬೇಡ." ಎಲ್ಲರೂ ನಕ್ಕರು. ನಾಲ್ಕು ದಿನದಲ್ಲಿ ಮೊದಲ ಸಲ ನಕ್ಕದ್ದು ಎಂದು ಸೊಸೆ ಆಮೇಲೆ ಹೇಳಿದಳು.

ಮೊರದಲ್ಲಿ ಕೇರಿದಾಗ ಹೊಟ್ಟು ಹಾರಿ ಅವಲಕ್ಕಿ ಉಳಿಯಿತು. ಹಸಿರು! ಚಿಗುರೆಲೆಯ ಹಸಿರು. ಬಾಯಿಗೆ ಹಾಕಿಕೊಂಡರೆ ಹಾಲಿನ ಸಿಹಿ. ಅವಳೂ ತಿಂದಳು, ನಾನೂ ತಿಂದೆ. ಇಬ್ಬರೂ ಇನ್ನೊಂದು ಹಿಡಿ ತೆಗೆದುಕೊಂಡೆವು.

ಸಂಜೆಗೆ ನಾಲ್ಕು ಚೀಲ ಶಾಲೆಗೆ ಹೋಯಿತು. ರಾಶಿಯ ಅಡಿಯ ಕಾಲು ಭಾಗ ಮೊಳೆತು ಹೋಗಿತ್ತು, ದನಕ್ಕೆ ಹಾಕಿದೆವು. ಮುಚ್ಚದೇ ಇದ್ದಿದ್ದರೆ ಅದೂ ಉಳಿಯುತ್ತಿತ್ತು. ಅವಳು ಆ ಮಾತು ಎತ್ತಲಿಲ್ಲ. ನಾನೇ ಬರೆದಿಡುತ್ತಿದ್ದೇನೆ.

ಅಕ್ಟೋಬರ್ ೧೬, ಬುಧವಾರ

ಶಾಲೆಯ ಅಕ್ಕಿ ನಿನ್ನೆ ಮುಗಿಯಿತು. ಇವತ್ತಿನಿಂದ ಇನ್ನೂರ ಅರವತ್ತು ಹೊಟ್ಟೆಗೆ ನಮ್ಮ ಅವಲಕ್ಕಿಯೇ. ದಿನಕ್ಕೆ ಮೂರು ಚೀಲ ಬೇಕು, ನಾವು ಐದು ಮಾಡುತ್ತಿದ್ದೇವೆ! ಇನ್ನು ಐದು ದಿನ ಹುರಿಯುವಷ್ಟು ಭತ್ತವಿದೆ, ಮೊಳಕೆ ಗೆಲ್ಲದಿದ್ದರೆ. ಪ್ರತಿ ಗಂಟೆಗೊಮ್ಮೆ ಹರವಿದ್ದನ್ನು ತಿರುವಿ ಹಾಕುತ್ತೇವೆ.

ಲಾರಿ ನಾಳೆ ಬರುತ್ತದಂತೆ. ಆ ನಾಳೆ ಯಾವ ತಿಂಗಳಲ್ಲಿದೆಯೋ.

ಬೆಳಿಗ್ಗೆ ಸೌಟು ನಾನು ಹಿಡಿಯುತ್ತೇನೆ ಎಂದೆ. ಮೂವತ್ತೆಂಟು ವರ್ಷ ಒಲೆಯ ಮುಂದೆ ನಿಂತವಳಿಗೆ ಬಾಣಲೆ ಯಾವ ಲೆಕ್ಕ? ಎರಡು ಮೊರ ಭತ್ತ ಒಟ್ಟಿಗೆ ಸುರಿದೆ. ಮರಳು ತಣ್ಣಗಾಯಿತು, ಭತ್ತ ಹುರಿಯದೆ ಬೆವರಿತು. ಉರಿ ಜೋರು ಮಾಡಿಸಿದೆ, ಕರಕಲಾಯಿತು.

"ಅಕ್ಕ, ಮೊದಲು ನಾಲ್ಕು ಕಾಳು ಹಾಕಿ ನೋಡಿ. ಅವು ಕುಣಿದರೆ ಒಂದು ಮೊರ ಸುರೀರಿ. ಒಂದೇ ಮೊರ. ಮರಳಿನ ಹತ್ರ ದರ್ಬಾರು ನಡೆಯಲ್ಲ."

ಹದಿನೆಂಟು ಹೆಂಗಸರ ಮುಂದೆ ಹೇಳಿದಳು! ಇವರು ಹೊಟ್ಟು ತುಂಬುತ್ತಿದ್ದವರು ಒಲೆಯ ಕಡೆ ಮುಖ ತಿರುಗಿಸಿಕೊಂಡರು. ನಾಲ್ಕು ಕಾಳು ಹಾಕಿದೆ. ಕುಣಿದವು. ಒಂದು ಮೊರ ಸುರಿದೆ. ಹದವಾಗಿ ಬಂತು. ಹೊಟ್ಟು ಸ್ವಲ್ಪ ತೇವವಾಗಿತ್ತು, ಮೊದಲ ಸಲ ಮರಳು ತಣ್ಣಗಾದದ್ದು ಅದಕ್ಕೇ.

ಅಕ್ಟೋಬರ್ ೧೭, ಗುರುವಾರ

ಅಂಗೈಯಲ್ಲಿ ಬೊಬ್ಬೆ. ಓರಗಿತ್ತಿ ಎಣ್ಣೆ ಹಚ್ಚಿ ಬಟ್ಟೆ ಸುತ್ತಿದಳು. ಸುತ್ತುತ್ತಾ, "ಅವರು ಇದ್ದಿದ್ರೆ ಉರಿ ಅವರೇ ನೋಡ್ತಿದ್ರು. ಕೊನೇವರೆಗೂ ಹೇಳ್ತಿದ್ರು, ಅತ್ತಿಗೆಗೆ ಒಂದು ಸಲ ಭಟ್ಟಿ ತೋರಿಸಬೇಕು ಅಂತ" ಎಂದಳು.

"ಗಟ್ಟಿಯಾಗಿ ಕಟ್ಟು, ಒನಕೆ ಜಾರುತ್ತೆ" ಎಂದೆ.

ಗಟ್ಟಿಯಾಗಿಯೇ ಕಟ್ಟಿದಳು. ಬರೆಯಲು ಕಷ್ಟ.

ಅಕ್ಟೋಬರ್ ೧೯, ಶನಿವಾರ

ನಿನ್ನೆಯಿಂದ ಶುರು ಮಾಡುತ್ತೇನೆ.

ನಿನ್ನೆ ಹನ್ನೊಂದು ಗಂಟೆಗೆ ದೋಣಿಯವನು ಓಡಿ ಬಂದ. ಆಚೆ ದಡದಲ್ಲಿ ಎಂಬತ್ತು ಮನೆಯವರು ಗೋದಾಮಿನ ಮಹಡಿ ಮೇಲೆ ಕೂತಿದ್ದಾರಂತೆ. ಎರಡು ದಿನದಿಂದ ಮಕ್ಕಳಿಗೂ ಬರೀ ನೀರು. "ಅಮ್ಮಾವ್ರೇ, ಏನಾದ್ರೂ ಕೊಟ್ರೆ ದಾಟಿಸ್ತೀನಿ. ಸೆಳವು ಜಾಸ್ತಿ ಇದೆ, ಆದ್ರೂ ದಾಟಿಸ್ತೀನಿ" ಎಂದ.

ಹದಿನಾಲ್ಕು ಚೀಲ ತುಂಬಿ ಇಟ್ಟಿದ್ದೆವು. ಮೂರು ದಿನ ಹುರಿಯುವಷ್ಟು ಭತ್ತ ಉಳಿದಿತ್ತು. ಅದರ ಮೇಲೆ ಒಂದು ಕಾಳೂ ಇಲ್ಲ.

ಇವರು ಮೆಲ್ಲಗೆ, "ನಮ್ಮ ಶಾಲೆಯವರಿಗೆ ಕಡಿಮೆ ಬಿದ್ರೆ?" ಎಂದರು. ನನ್ನ ಬಾಯಲ್ಲಿದ್ದದ್ದೂ ಅದೇ ಮಾತು. ಮೊದಲು ನಮ್ಮವರು ಎನ್ನಲು ಹೊರಟಿದ್ದೆ.

ಓರಗಿತ್ತಿ ಬಾಣಲೆಯಿಂದ ಕಣ್ಣೆತ್ತದೆ, "ಎಂಟು ಚೀಲ ಕೊಡೋಣ ಅಕ್ಕ" ಎಂದಳು.

"ಒಂಬತ್ತು" ಎಂದೆ.

ಏಕೆ ಹಾಗೆಂದೆನೋ. ಅವಳು ಎಂಟು ಎಂದ ಮೇಲೆ ನಾನು ಎಂಟಕ್ಕೇ ನಿಲ್ಲುವುದೇ?

ಮಗ ದೋಣಿಯವನ ಜೊತೆ ಹೊರಟ. ನೀರಿನಲ್ಲಿ ಬುಡ ಸಮೇತ ಮರಗಳು ಬರುತ್ತಿದ್ದವು. ದೋಣಿ ನಡುಹೊಳೆಯಲ್ಲಿ ಒಮ್ಮೆ ಪೂರ್ತಿ ತಿರುಗಿ ಮತ್ತೆ ನೇರವಾಯಿತು. ಸೊಸೆ ನನ್ನ ತೋಳು ಹಿಡಿದುಕೊಂಡಿದ್ದಳು, ನಾನು ಓರಗಿತ್ತಿಯ ತೋಳು ಹಿಡಿದುಕೊಂಡಿದ್ದೆನಂತೆ. ಇವರು ಹೇಳಿದ್ದು, ನನಗೆ ನೆನಪಿಲ್ಲ. ಆಚೆ ದಡದ ಮರಗಳ ಹಿಂದೆ ಮರೆಯಾದರು. ಸಂಜೆಯಾದರೂ ಬರಲಿಲ್ಲ.

ಇವತ್ತು ಬೆಳಿಗ್ಗೆ ಎಂಟಕ್ಕೆ ಕೂಗು ಕೇಳಿಸಿತು. ಎಲ್ಲರೂ ಓಡಿದೆವು. ದೋಣಿ ಬರುತ್ತಿತ್ತು, ಆದರೆ ಅಂಚಿನವರೆಗೆ ನೀರಲ್ಲಿ ಇಳಿದು, ಭಾರವಾಗಿ. ಚೀಲ ತಲುಪಿಸಲಾಗದೆ ಹಾಗೇ ವಾಪಸು ತಂದರೆಂದುಕೊಂಡೆ. ಹತ್ತಿರ ಬಂದಾಗ ಮಗ ನಿಂತು ಎರಡೂ ಕೈ ಎತ್ತಿದ. "ಅಮ್ಮ, ಎಲ್ಲರೂ ತಿಂದರು!"

ದೋಣಿಯಲ್ಲಿದ್ದದ್ದು ಚೀಲವಲ್ಲ. ತೆನೆ. ಒದ್ದೆ ತೆನೆಯ ರಾಶಿ, ಅದರ ಮೇಲೆ ಆಚೆ ದಡದ ಒಬ್ಬ ಮುದುಕ, ಮೂವರು ಹೆಂಗಸರು. ಅವರೂ ನಮ್ಮ ಹಾಗೇ ನೀರಲ್ಲಿ ನಿಂತು ಕೊಯ್ದಿದ್ದರಂತೆ. ಏನು ಮಾಡಬೇಕೆಂದು ತಿಳಿಯದೆ ಮಹಡಿಯಲ್ಲಿ ಹರವಿ ಕಾಯುತ್ತಾ ಕೂತಿದ್ದರಂತೆ. ನಮ್ಮ ಹಸಿರು ಅವಲಕ್ಕಿ ಕೈಯಲ್ಲಿ ಹಿಡಿದ ಕೂಡಲೇ ಅವರಿಗೆ ಅರ್ಥವಾಗಿದೆ.

ಮುದುಕ ಕೈ ಮುಗಿದ. "ತಾಯಿ, ನಮ್ಮದನ್ನೂ ಹುರಿದು ಕೊಡ್ತೀರಾ? ಇಂಥದ್ದು ಇನ್ನೂ ಮೂವತ್ತು ದೋಣಿ ಇದೆ. ಕುಟ್ಟೋಕೆ ನಮ್ಮ ಹೆಂಗಸರು ಬರ್ತಾರೆ. ಅರ್ಧ ನಿಮ್ಮ ಶಾಲೆಗೆ ಇಟ್ಕೊಳ್ಳಿ."

ಮೂವತ್ತು ದೋಣಿ! ಲಾರಿ ಬಂದರೆ ಬರಲಿ, ಬರದಿದ್ದರೆ ಇರಲಿ. ಶಾಲೆಯವರಿಗೂ ಗೋದಾಮಿನವರಿಗೂ ನೀರಿಳಿಯುವವರೆಗೆ ಸಾಕಾಗುತ್ತದೆ.

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಇವರು, ಮಗ, ಸೊಸೆ, ದೋಣಿಯವನು, ಒನಕೆ ಹಿಡಿದು ಬಂದಿದ್ದ ಹೆಂಗಸರು.

"ನನ್ನ ಮುಖ ಏನು ನೋಡ್ತೀರಿ? ಬೆಂಕಿ ಅವಳದು. ಅವಳನ್ನ ಕೇಳಿ" ಎಂದೆ.

ಓರಗಿತ್ತಿ ಆಗಲೇ ದೋಣಿಗೆ ಹತ್ತಿ ತೆನೆಯೊಳಗೆ ಕೈ ಹಾಕಿದ್ದಳು. ಕಣ್ಣು ಮುಚ್ಚಿ ನಿಂತಳು.

"ಕಾವು ಹತ್ತಿಲ್ಲ, ತಣ್ಣಗಿದೆ! ಇಳಿಸಿ, ಇಳಿಸಿ!" ಎಂದು ಕೂಗಿದಳು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾ, ನಿಂತ್ಕೊಂಡು ಏನು ನೋಡ್ತಿದ್ದೀಯಾ? ಓಡು, ಚಾಪೆ ಹಾಸು!" ಎಂದಳು.

ಓಡಿದೆ. ಹಾಸಿದೆ.